ಫ್ರೀ ಏಜೆಂಟ್ ಬರುತ್ತಾರೆ, ತಪ್ಪದೇ ಬನ್ನಿ

ಪುಕ್ಕಟೆ ಎನ್ನುವ ಮಾತು ಕಿವಿಗೆ ಬಿದ್ದರೆ ನನ್ನ ಬುದ್ಧಿ ಸ್ವಲ್ಪ ಹೊತ್ತು ರಜೆ ಹಾಕುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ‘ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು’ ಎಂಬ ಗಾದೆಯನ್ನು ನನ್ನಂಥವರನ್ನು ನೋಡಿಯೇ ಯಾರೋ ಮಾಡಿರಬೇಕು. ಎರಡು ಡಬ್ಬಿ ಕಡಲೆಕಾಳು ಕೊಂಡರೆ ಮೂರನೆಯದು ಫ್ರೀ ಎಂದು ಅಂಗಡಿಯಲ್ಲಿ ಬರೆದಿದ್ದರೆ, ಮನೆಯಲ್ಲಿ ಆಗಲೇ ಒಂಬತ್ತು ಡಬ್ಬಿ ಇವೆಯಲ್ಲ ಎಂದು ನೆನಪಿಸುವ ಭಾಗ ನನ್ನ ತಲೆಯಲ್ಲಿ ಇಲ್ಲವೇ ಇಲ್ಲ. ಸಿಡ್ನಿಯ ಎಪ್ಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮೂರು ಕಾಲಿನ ಕುರ್ಚಿಯೊಂದಿದೆ. ಯಾರೋ ಮನೆ ಖಾಲಿ ಮಾಡುವಾಗ ‘ಫ್ರೀ’ ಎಂದು ಚೀಟಿ ಅಂಟಿಸಿ ಫುಟ್‌ಪಾತಿನ ಮೇಲೆ ಬಿಟ್ಟಿದ್ದರು. ನಾಲ್ಕನೆಯ ಕಾಲೂ ಎಲ್ಲೋ ಫ್ರೀಯಾಗಿ ಸಿಕ್ಕೀತೆಂದು ಏಳು ವರ್ಷದಿಂದ ಕಾಯುತ್ತಿದ್ದೇನೆ. ನನ್ನ ಹೆಂಡತಿ ವತ್ಸಲಾ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅದಕ್ಕೆ ಎಡವಿ, “ರೀ, ಪುಕ್ಕಟೆ ಸಿಕ್ಕಿದ್ದು ಯಾವತ್ತೂ ಪುಕ್ಕಟೆ ಆಗಿರಲ್ಲ. ನಮ್ಮಪ್ಪಂಗೂ ಹೀಗೇ ಆಗಿದ್ದು. ವರದಕ್ಷಿಣೆ ಕೇಳದ ವರ ಅಂತ ಕುಣಕೊಂಡು ಒಪ್ಪಿದ್ರು. ಆಮೇಲೆ ನೋಡಿ…” ಎನ್ನುತ್ತಾಳೆ. ಆಮೇಲೆ ಏನಾಯಿತು ಎಂಬುದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾಳೆ, ಇನ್ನೂ ಮುಗಿದಿಲ್ಲ.

ನಾನೀಗ ಹೇಳಹೊರಟದ್ದೂ ಒಂದು ಪುಕ್ಕಟೆ ವಿಷಯವೇ. ಆದರೆ ಅದು ಬೇಸ್‌ಬಾಲ್ ಆಟಕ್ಕೆ ಸಂಬಂಧಿಸಿದ್ದು. ಮೈಸೂರಿನ ಕಡೆಯಿಂದ ಬಂದ ನನಗೂ ಬೇಸ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದೂ ನನ್ನ ತಪ್ಪೇ. ನನ್ನ ಆಫೀಸಿರುವ ನಾರ್ವೆಸ್ಟ್‌ಗೆ ಇನ್ನೂ ಮೆಟ್ರೋ ಬಂದಿರದ ಕಾಲ. ನಮ್ಮ ಸಿಡ್ನಿಯ ಹತ್ತು ಹದಿನೈದು ಕನ್ನಡ ಕುಟುಂಬಗಳು ಭಾನುವಾರ ಕ್ರಿಕೆಟ್ ಆಡೋಣವೆಂದು ತೀರ್ಮಾನಿಸಿ, ಕೌನ್ಸಿಲ್‌ನಿಂದ ಮೈದಾನ ಬುಕ್ ಮಾಡುವ ಕೆಲಸವನ್ನು ನನಗೆ ಒಪ್ಪಿಸಿದವು. ನಾನು ನಾರ್ವೆಸ್ಟ್‌ನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ ತಪ್ಪು ಕಂಡುಹಿಡಿಯುವುದೇ ಕಸುಬು. ಆನ್‌ಲೈನ್ ಫಾರಮ್ಮಿನಲ್ಲಿ ‘ಯಾವ ಆಟ’ ಎಂಬಲ್ಲಿ ಒಂದು ಪಟ್ಟಿ ಬಿಚ್ಚಿಕೊಂಡಿತು. ಕ್ರಿಕೆಟ್ ಕೆಳಗಿತ್ತು, ಬೇಸ್‌ಬಾಲ್ ಮೇಲಿತ್ತು, ಮೌಸ್ ಜಾರಿತು. ಉತ್ತರ ಬಂದಾಗ ನಮಗೆ ಇಡೀ ವರ್ಷಕ್ಕೆ ಭಾನುವಾರ ಹನ್ನೊಂದರಿಂದ ಬೇಸ್‌ಬಾಲ್ ಅಂಗಳ ಮಂಜೂರಾಗಿತ್ತು. ಬದಲಾಯಿಸಬೇಕಾದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕಂತೆ. “ಈ ವರ್ಷದ್ದು ಫ್ರೀ ಕೊಟ್ಟಿದ್ದಾರೆ” ಎಂದೆ ನಾನು. ಅಷ್ಟು ಸಾಕಾಯಿತು. ನಮ್ಮ ಜನಕ್ಕೂ ನನ್ನದೇ ರೋಗ.

ಆಟ ಕಲಿತೆವು, ರುಚಿ ಹತ್ತಿ ಮುಂದಿನ ವರ್ಷ ಕ್ರಿಕೆಟ್ಟಿಗೆ ಅರ್ಜಿ ಹಾಕಲೂ ಇಲ್ಲ. ಲಗೋರಿ, ಚಿನ್ನಿದಾಂಡು ಆಡಿ ಬೆಳೆದವರಿಗೆ ಅದೇನು ಬ್ರಹ್ಮವಿದ್ಯೆಯಲ್ಲ. ನಡುವಿನ ಮಣ್ಣುದಿಬ್ಬದ ಮೇಲೆ ನಿಂತು ಒಬ್ಬ ಚೆಂಡು ಎಸೆಯುತ್ತಾನೆ, ಅವನು ಪಿಚರ್. ದಾಂಡಿಗನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಒಬ್ಬ ಹಿಡಿಯುತ್ತಾನೆ, ಅವನು ಕ್ಯಾಚರ್. ದಾಂಡಿಗ ಮೂರು ಸಲ ತಪ್ಪಿದರೆ ಮನೆಗೆ. ಕಾಲೇಜಿನಲ್ಲಿ ಆಫ್ ಸ್ಪಿನ್ ಹಾಕುತ್ತಿದ್ದೆ ಎಂಬ ಪುರಾವೆಯಿಲ್ಲದ ಒಂದು ಮಾತಿನ ಮೇಲೆ ನಾನು ಪಿಚರ್ ಆದೆ. ಈ ಸುದ್ದಿಯನ್ನು ವತ್ಸಲಾ ಫೋನಿನಲ್ಲಿ ತನ್ನ ತಾಯಿಗೆ ಹೇಳಿದಳು. ಅವರಿಗೆ ಕೇಳಿಸಿದ್ದು ‘ಪಿಚ್ಚರ್’. ಅಳಿಯಂದಿರು ಆಸ್ಟ್ರೇಲಿಯಾದಲ್ಲಿ ಪಿಚ್ಚರ್‌ನಲ್ಲಿದ್ದಾರೆ ಎಂದು ನಂಜನಗೂಡಿನ ಅರ್ಧ ಊರಿಗೆ ಹಬ್ಬಿತು. ಹೀರೋನೋ ಕಾಮಿಡಿಯೋ ಎಂದು ಯಾರೋ ಕೇಳಿದ್ದಕ್ಕೆ ಅತ್ತೆಯವರು, “ನೋಡೋಕೆ ಹೀರೋ ಥರ ಇಲ್ಲ, ಹಾಗಾಗಿ…” ಎಂದು ಮಾತು ಅಲ್ಲಿಗೇ ಬಿಟ್ಟರಂತೆ.

ನಗಬೇಡಿ. ಆ ಮಣ್ಣುದಿಬ್ಬ ನನಗೆ ಸಣ್ಣ ವಿಷಯವಾಗಿರಲಿಲ್ಲ. ಆಫೀಸಿನಲ್ಲಿ ನನ್ನ ಮ್ಯಾನೇಜರ್ ನನ್ನ ಅರ್ಧ ವಯಸ್ಸಿನವನು. ಮೀಟಿಂಗಿನಲ್ಲಿ ನಾನು ಬಾಯಿ ತೆರೆಯುವ ಹೊತ್ತಿಗೆ ಅವನು ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಮನೆಯಲ್ಲಿ ಮಗಳು ಅಪೂರ್ವಾ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ನನ್ನ ಜೋಕಿಗೆ ಯಾವ ಭಾಷೆಯಲ್ಲೂ ಕೊಡುವುದಿಲ್ಲ. ಆದರೆ ಭಾನುವಾರ ಹನ್ನೊಂದು ಗಂಟೆಗೆ ಆ ದಿಬ್ಬ ಹತ್ತಿ ಚೆಂಡು ಹಿಡಿದು ನಿಂತರೆ, ಹದಿನೇಳು ಜನ ಉಸಿರು ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತ ಕಾಯುತ್ತಿದ್ದರು. ಭೂಮಿಯ ಮೇಲೆ ಜನ ನನಗಾಗಿ ಕಾಯುವ ಜಾಗ ಅದೊಂದೇ. ಆರು ವರ್ಷ ಅದು ನನ್ನದಾಗಿತ್ತು.

ಸಿಡ್ನಿಯವರು ಏನಾದರೂ ಮಾಡಿದರೆ ಮೆಲ್ಬರ್ನ್‌ನವರು ಸುಮ್ಮನಿರುವ ಜನವಲ್ಲ. ಅಲ್ಲಿನ ವಿಂಡಮ್ ವೇಲ್‌ನ ಕನ್ನಡಿಗರೂ ಒಂದು ಟೀಮ್ ಕಟ್ಟಿದರು. ಪ್ರತಿ ಜೂನ್ ತಿಂಗಳ ಲಾಂಗ್ ವೀಕೆಂಡಿನಲ್ಲಿ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಮ್ಯಾಚು. ಪ್ರತಿ ವರ್ಷವೂ ನಾವು ಸೋತೆವು. ಸೋಲಿಸಿದವರು ಒಬ್ಬರೇ: ಐರಿನ್ ಎನ್ನುವ ಹೆಣ್ಣುಮಗಳು. ಮಂಗಳೂರಿನವರು, ಆಸ್ಪತ್ರೆಯಲ್ಲಿ ನರ್ಸು, ಮೂವತ್ತೈದರ ಆಸುಪಾಸು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರಿಂದ ಬೇಸ್‌ಬಾಲಿನ ತಂಗಿಯಂಥ ಸಾಫ್ಟ್‌ಬಾಲ್ ಕಲಿತವರು. ಕೈಯನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿಂದ ಚೆಂಡು ಬಿಟ್ಟರೆ, ದಾಂಡಿಗನಿಗೆ ಕಾಣಿಸುವುದು ಕ್ಯಾಚರನ ಗ್ಲೋವಿನಲ್ಲೇ. ಮೊದಲ ವರ್ಷ ನಾನು, “ಕೆಳಗಿಂದ ಎಸೆಯೋದು ರೂಲ್ಸಿಗೆ ವಿರುದ್ಧ!” ಎಂದು ಕೂಗಾಡಿದೆ. ನಮ್ಮ ಸಂಘದ ಅಧ್ಯಕ್ಷರು ಪ್ರೊಫೆಸರ್ ಅನಂತಯ್ಯ, ರಿಟೈರಾದ ಮೇಷ್ಟ್ರು, ಅಂಪೈರೂ ಅವರೇ. ಕನ್ನಡಕ ಹಾಕಿಕೊಂಡು ರೂಲ್ ಪುಸ್ತಕ ಪೂರ್ತಿ ತಿರುವಿ, “ಕೈ ಮೇಲಿಂದಲೇ ಬರಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲಪ್ಪ. ಕುಣಿಲಾರದವಳಿಗೆ ನೆಲ ಡೊಂಕು” ಎಂದುಬಿಟ್ಟರು. ನಮ್ಮ ಕಡೆಯ ಅಂಪೈರು, ನೆನಪಿರಲಿ!

ಆರನೆಯ ಸೋಲು ಮುಗಿದ ಕೆಲವು ತಿಂಗಳಿಗೆ ಒಂದು ಸುದ್ದಿ ಬಂತು. ತಂದವರು ನಮ್ಮ ಕ್ಯಾಪ್ಟನ್ ವಾಲ್ಟರ್. ಅವರೂ ಮಂಗಳೂರಿನವರೇ, ಹೋಟೆಲ್ ಒಂದರಲ್ಲಿ ಮ್ಯಾನೇಜರು. “ಶ್ರೀಕಂಠ್ರೇ, ಐರಿನ್‌ಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿದೆಯಂತೆ ಮಾರಾಯ್ರೆ! ನಿಮ್ಮ ಎಪ್ಪಿಂಗ್‌ನಲ್ಲೇ ಮನೆ ರೆಂಟಿಗೆ ಹಿಡಿದಾಗಿದೆ. ಈಗ ಯಾವ ಟೀಮಿನಲ್ಲೂ ಇಲ್ಲ. ಇಲ್ಲಿನ ತೆಲುಗು ಟೀಮಿನವರು ಆಗಲೇ ಬಿರಿಯಾನಿ ತಕ್ಕೊಂಡು ಹೋಗಿ ಮಾತಾಡಿ ಬಂದಿದ್ದಾರೆ. ನಾವು ಸುಮ್ಮನೆ ಕೂತ್ರೆ ಕೆಲಸ ಕೆಟ್ಟಿತು.” ಪಕ್ಕದಲ್ಲಿ ಫೋನು ಒತ್ತುತ್ತಿದ್ದ ಅಪೂರ್ವಾ ತಲೆ ಎತ್ತದೆ, “ಸೋ ಶೀ ಈಸ್ ಎ ಫ್ರೀ ಏಜೆಂಟ್, ಡ್ಯಾಡ್” ಎಂದಳು. ಒಪ್ಪಂದ ಮುಗಿದು, ಯಾರ ಹಂಗೂ ಇಲ್ಲದೆ, ಬೇಕಾದ ಟೀಮಿಗೆ ಸೇರಬಹುದಾದ ಆಟಗಾರನಿಗೆ ಬೇಸ್‌ಬಾಲಿನಲ್ಲಿ ಹಾಗೆನ್ನುತ್ತಾರಂತೆ. ಅವಳು ಇದನ್ನೆಲ್ಲ ವಿವರಿಸಿದಳು. ನಾನು ಕೇಳಿಸಿಕೊಂಡದ್ದು ಮೊದಲ ಪದ ಒಂದೇ.

“ಫ್ರೀ ಆದ್ರೆ ಸರಿ,” ಎಂದೆ. “ಡ್ಯಾಡ್, ಫ್ರೀ ಏಜೆಂಟ್ಸ್ ಆರ್ ದ ಮೋಸ್ಟ್ ಎಕ್ಸ್‌ಪೆನ್ಸಿವ್ ಒನ್ಸ್,” ಎಂದಳು ಮಗಳು. ಫ್ರೀ ಇರುವವರೇ ಅತಿ ದುಬಾರಿ! ಈ ದೇಶದಲ್ಲಿ ಬೆಳೆದ ಮಕ್ಕಳಿಗೆ ಭಾಷೆಯೇ ಬರುವುದಿಲ್ಲವಲ್ಲ ಎಂದುಕೊಂಡೆ.

ಐರಿನ್‌ರನ್ನು ತೆಗೆದುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಬೇಕಾದವರು ಮೂವರು. ಅಧ್ಯಕ್ಷರು, ಕ್ಯಾಪ್ಟನ್ನು, ಸೆಕ್ರೆಟರಿಯಾದ ನಾನು. ವಾಲ್ಟರ್ ಕಣ್ಣುಮುಚ್ಚಿ ಒಪ್ಪಿದರು. ಅವರಿಗೂ ಒಂದು ಸ್ವಾರ್ಥ ಇತ್ತು. ಅಷ್ಟೂ ವರ್ಷ ಕ್ಯಾಚರ್ ಆಗಿ ಕುಕ್ಕರಗಾಲಿನಲ್ಲಿ ಕೂತು ಅವರ ಸೊಂಟ ಹೋಗಿತ್ತು, ಹೊಸಬರು ಬಂದರೆ ಜಾಗ ಅದಲುಬದಲಾದೀತು ಎಂಬ ಆಸೆ. ಪ್ರೊಫೆಸರು, “ಮೂಗಿಗಿಂತ ಮೂಗುತಿ ಭಾರ ಆಗಬಾರದು. ಆದ್ರೆ ನೀವಿಬ್ಬರೂ ಒಪ್ಪಿದ್ರೆ ನಂದೂ ಒಪ್ಪಿಗೆ” ಎಂದು ಜಾರಿಕೊಂಡರು. ಅಂದರೆ ಉಳಿದದ್ದು ನನ್ನ ಒಂದು ಮಾತು. ಐರಿನ್ ಬಂದರೆ ಪಿಚರ್ ಯಾರಾಗುತ್ತಾರೆ ಎಂದು ತಿಳಿಯಲು ಪ್ರೊಫೆಸರ್ ಆಗಬೇಕಿಲ್ಲ. ನಾನು ಕೂಡಲೇ ತತ್ವದ ಮೊರೆ ಹೊಕ್ಕೆ. ಹೊರಗಿನಿಂದ ಆಟಗಾರರನ್ನು ತಂದು ಗೆಲ್ಲುವುದು ಗೆಲುವೇ ಅಲ್ಲ, ನಮ್ಮ ಟೀಮು ನಮ್ಮವರಿಂದಲೇ ನಿಲ್ಲಬೇಕು, ಹೀಗೆ ಒಂದೂವರೆ ಪುಟದ ಭಾಷಣ ಬರೆದು ಜೇಬಿನಲ್ಲಿ ಇಟ್ಟುಕೊಂಡೆ. ವತ್ಸಲಾ ಓದಿ ನೋಡಿ, “ಚೆನ್ನಾಗಿದೆ. ‘ದಿಬ್ಬ ನಂದು, ಬಿಡಲ್ಲ’ ಅಂತ ಒಂದೇ ಸಾಲಲ್ಲಿ ಬರೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದಳು.

ಭಾನುವಾರ ಐರಿನ್‌ರನ್ನು ಮೈದಾನಕ್ಕೇ ಕರೆದು ಎಲ್ಲರೆದುರು ಮಾತಾಡುವುದೆಂದಾಯಿತು. ನಾನು ಸೆಕ್ರೆಟರಿಯಾಗಿ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಸಂಘದ ಮೊಬೈಲ್ ಗ್ರೂಪಿಗೆ ಹೀಗೊಂದು ಮೆಸೇಜ್ ಹಾಕಿದೆ: ‘ಮೆಲ್ಬರ್ನ್‌ನಿಂದ ಫ್ರೀ ಏಜೆಂಟ್ ಬರುತ್ತಿದ್ದಾರೆ. ಭಾನುವಾರ ಹನ್ನೊಂದಕ್ಕೆ ಪಾರ್ಕಿನಲ್ಲಿ ಭೇಟಿ. ಸೀಮಿತ ಸಮಯ. ಎಲ್ಲರೂ ತಪ್ಪದೇ ಬನ್ನಿ.’ ಕೆಳಗೆ ನನ್ನ ನಂಬರು. ಬೇಸ್‌ಬಾಲ್ ಎಂಬ ಪದ ಎಲ್ಲೂ ಇಲ್ಲ, ಟೆಸ್ಟರ್ ಆದ ನನ್ನ ಕಣ್ಣಿಗೆ ಅದು ಬೀಳಲೂ ಇಲ್ಲ. ಯಾರೋ ಅದನ್ನು ವಿದ್ಯಾರ್ಥಿಗಳ ಗ್ರೂಪಿಗೆ ಕಳಿಸಿದರು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ದೇವರೇ ಬಲ್ಲ.

ಭಾನುವಾರ ಹತ್ತೂಮುಕ್ಕಾಲಿಗೆ ನಾನು, ಬಜ್ಜಿ ಡಬ್ಬಿ ಹಿಡಿದ ವತ್ಸಲಾ ಮತ್ತು ಅಪೂರ್ವಾ ಜೊತೆ ಪಾರ್ಕಿಗೆ ಹೋಗಿ ನೋಡಿದರೆ ಜಾತ್ರೆ. ಇಪ್ಪತ್ತೈದು ಮೂವತ್ತು ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು. ನಮ್ಮ ಟೀಮಿಗೆ ಇಷ್ಟೊಂದು ಅಭಿಮಾನಿಗಳಿದ್ದಾರೆಯೇ ಎಂದು ಒಂದು ಗಳಿಗೆ ಎದೆ ಉಬ್ಬಿತು. ಸಾಲಿನ ಮುಂದಿದ್ದ ಹುಡುಗಿ, ಗದಗಿನ ರೇಣುಕಾ ಎಂದು ಆಮೇಲೆ ತಿಳಿಯಿತು, “ಅಂಕಲ್, ಏಜೆಂಟ್ ಇನ್ನೂ ಬಂದಿಲ್ಲೇನ್ರೀ? ನಾ ಎಂಟಕ್ಕ ಬಂದು ಪಾಳಿ ಹಚ್ಚೀನಿ. ಪಾಸ್‌ಪೋರ್ಟ್, ಇಂಗ್ಲಿಷ್ ಪರೀಕ್ಷಾದ ಮಾರ್ಕ್ಸ್, ಕೆಲಸದ ಲೆಟರ್ ಎಲ್ಲಾ ತಂದೀನಿ. ಖರೇನ ಫೀ ತಗೊಳ್ಳಂಗಿಲ್ಲೇನ್ರೀ?” ಎಂದಳು.

ಆಗ ಹೊಳೆಯಿತು. ಆಸ್ಟ್ರೇಲಿಯಾದಲ್ಲಿ ನಮ್ಮ ಹುಡುಗರಿಗೆ ಏಜೆಂಟ್ ಎಂದರೆ ಒಬ್ಬನೇ, ವೀಸಾ ಏಜೆಂಟ್, ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಕೊಡಿಸುವವನು. ಅವನ ಫೀ ಕೇಳಿಯೇ ಅರ್ಧ ಜನ ಊರಿಗೆ ಫೋನ್ ಮಾಡುತ್ತಾರೆ. ಅಂಥದ್ದರಲ್ಲಿ ಫ್ರೀ ಏಜೆಂಟ್, ಅದೂ ಮೆಲ್ಬರ್ನ್‌ನಿಂದ, ಸೀಮಿತ ಸಮಯ! ವಾಲ್ಟರ್ ಹಣೆ ಚಚ್ಚಿಕೊಂಡು, “ಎಂತ ಶ್ರೀಕಂಠ್ರೇ ಇದು! ಪಾಪದ ಮಕ್ಕಳು. ಯಾರು ಹೇಳ್ತಾರೆ ಈಗ ಇವರಿಗೆ?” ಎಂದರು. ಪ್ರೊಫೆಸರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಅಷ್ಟರಲ್ಲಿ ಐರಿನ್ ಬಂದರು, ಹೆಗಲಿಗೆ ಒಂದು ಹಳೆಯ ಬ್ಯಾಗು. ಮೂವತ್ತು ಫೈಲುಗಳು ಒಟ್ಟಿಗೆ ಅವರ ಕಡೆ ತಿರುಗಿದವು.

ನಾನಾಗಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಹಾಗೇ ವಾಪಸು ಹೋಗುತ್ತಿದ್ದೆ. ಐರಿನ್ ಎರಡು ನಿಮಿಷ ವಾಲ್ಟರ್ ಹೇಳಿದ್ದನ್ನು ಕೇಳಿದರು. ನಗಲಿಲ್ಲ. ನೇರ ಹೋಗಿ ಹುಡುಗರ ಮುಂದೆ ಬೆಂಚಿನ ಮೇಲೆ ಹತ್ತಿ ನಿಂತರು. “ನಾನು ವೀಸಾ ಏಜೆಂಟ್ ಅಲ್ಲ. ಚೆಂಡು ಎಸೆಯುವವಳು. ನಿಮ್ಮನ್ನು ಕರ್ದದ್ದು ಒಂದು ತಪ್ಪು ಮೆಸೇಜ್, ಅದಕ್ಕೆ ಬೇಜಾರುಂಟು. ಸಲಹೆ ಕೊಡ್ಲಿಕ್ಕೆ ನನಗೆ ಲೈಸೆನ್ಸ್ ಇಲ್ಲ, ಕೊಡುದೂ ಇಲ್ಲ. ಆದ್ರೆ ಒಬ್ಬ ಏಜೆಂಟ್ ಹತ್ರ ನಾನೇ ಎರಡು ವರ್ಷ ಮೋಸ ಹೋದವಳು. ಅಷ್ಟನ್ನು ಹೇಳ್ತೇನೆ. ಒರಿಜಿನಲ್ ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಟ್ಟು ಬರ್ಬೇಡಿ. ಓದದೆ ಸಹಿ ಹಾಕ್ಬೇಡಿ. ಮೊದಲು ಅವರ ರಿಜಿಸ್ಟ್ರೇಷನ್ ನಂಬರ್ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿದ್ರೆ ಎದ್ದು ಬನ್ನಿ. ಮತ್ತೆ, ಮೂವತ್ತು ಜನರ ಎದುರು ಯಾರಾದ್ರೂ ‘ಫ್ರೀ’ ಅಂದ್ರೆ ಅವರನ್ನು ಮಾತ್ರ ನಂಬ್ಲೇಬೇಡಿ.” ಕೊನೆಯ ಮಾತಿಗೆ ನನ್ನ ಕಡೆ ನೋಡಿದರು. ಹುಡುಗರು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅವರನ್ನು ಹಾಗೇ ಕಳಿಸಲೂ ಇಲ್ಲ ಆಕೆ. “ಬಂದದ್ದು ಬಂದಿದ್ದೀರಿ. ಫೈಲ್ ಎಲ್ಲ ಬೆಂಚಿನ ಮೇಲಿಡಿ. ಒಬ್ಬೊಬ್ಬರು ನಾಲ್ಕು ಬಾಲ್ ಎಸೆದು ಹೋಗಿ. ವಾರ ಇಡೀ ಓದು, ಕೆಲಸ, ಫಾರಮ್ಮು, ಕೈಯಾದ್ರೂ ಸ್ವಲ್ಪ ಬಿಚ್ಚಿಕೊಳ್ಳಲಿ” ಎಂದರು. ಮುಂದಿನ ಒಂದು ಗಂಟೆ ನಾನು ಆ ಮೈದಾನದಲ್ಲಿ ಆರು ವರ್ಷದಲ್ಲಿ ಕೇಳದಷ್ಟು ನಗು ಕೇಳಿದೆ. ಎಂಟಕ್ಕೆ ಬಂದು ಪಾಳಿ ಹಚ್ಚಿದ್ದ ರೇಣುಕಾ ಎಸೆದ ಎರಡನೆಯ ಚೆಂಡು ವಾಲ್ಟರ್ ಗ್ಲೋವಿಗೆ ಬಡಿದ ಸದ್ದಿಗೆ ಮರದ ಮೇಲಿನ ಬಿಳಿ ಕಾಕಟೂ ಗಿಳಿಗಳು ಹಾರಿಹೋದವು. “ಊರಾಗ ಹುಣಸಿಕಾಯಿ ಉದುರಸ್ತಿದ್ವಿರೀ” ಎಂದಳು ಆ ಹುಡುಗಿ.

ಆಮೇಲೆ ಐರಿನ್ ನಮ್ಮ ಮೂವರ ಮುಂದೆ ಕೂತರು. ವಾಲ್ಟರ್ ಅಳುಕುತ್ತ ಎಷ್ಟು ಕೊಡಬೇಕಾಗುತ್ತದೆ ಎಂದು ಕೇಳಿದರು. ತೆಲುಗು ಟೀಮಿನವರು ಸ್ಪಾನ್ಸರ್ ಹಿಡಿದು ಕೂತಿದ್ದರಂತೆ. “ದುಡ್ಡು ಬೇಡ,” ಎಂದರು ಐರಿನ್. ನಾನು ಮಗಳ ಕಡೆ ನೋಡಿದೆ: ನೋಡಿದೆಯಾ, ಫ್ರೀ ಎಂದರೆ ಫ್ರೀ! “ದುಡ್ಡು ಬೇಡ, ಆದ್ರೆ ಪ್ರತಿ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಪ್ರಾಕ್ಟೀಸ್. ಚಳಿ ಅಂತ ಹೇಳ್ಲಿಕ್ಕಿಲ್ಲ, ಮದುವೆ ಮನೆ ಊಟ ಅಂತ ಹೇಳ್ಲಿಕ್ಕಿಲ್ಲ. ಆಟ ಮುಗಿಯುವ ತನಕ ಬಜ್ಜಿ, ಬೋಂಡ ಮೈದಾನದ ಒಳಗೆ ಬರ್ಲಿಕ್ಕಿಲ್ಲ. ಮತ್ತೆ ಆ ಬಜ್ಜಿ ಕರಿದು ತರುವವರು ಇದ್ದಾರಲ್ಲ, ಅವರಿಗೆ ಆಡುವ ಮನಸ್ಸಿದ್ರೆ ಅವರಿಗೂ ಗ್ಲೋವ್ ಕೊಡ್ಬೇಕು.” ನಮ್ಮ ಟೀಮಿನ ಅರ್ಧ ಜನ ಬರುತ್ತಿದ್ದುದೇ ಬಜ್ಜಿಗೆ. ಡಾಲರ್ ಕೇಳಿದ್ದರೆ ಎಲ್ಲಾದರೂ ಚೌಕಾಸಿ ಮಾಡಬಹುದಿತ್ತು; ಈಕೆ ಕೇಳಿದ್ದು ನಮ್ಮ ಶನಿವಾರದ ನಿದ್ದೆ. ಇಷ್ಟು ದುಬಾರಿ ಬೆಲೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ವತ್ಸಲಾ ಮಾತ್ರ ಬಜ್ಜಿ ಡಬ್ಬಿಯನ್ನು ಕೆಳಗಿಟ್ಟು, “ಗ್ಲೋವ್ ಎಡಗೈಗೋ ಬಲಗೈಗೋ?” ಎಂದು ವಿಚಾರಿಸುತ್ತಿದ್ದಳು.

“ಕೊನೇದು,” ಎಂದರು ಐರಿನ್, “ಪಿಚರ್ ನಾನೇ.”

ನಾನು ಎದ್ದು ನಿಂತೆ. ಜೇಬಿನ ಭಾಷಣಕ್ಕೆ ಕೈ ಹೋಯಿತು. ಆದರೆ ಬಾಯಿಂದ ಬಂದದ್ದು, “ಮೊದಲು ಮೂರು ಬಾಲ್ ಹಾಕಿ ತೋರಿಸಿ. ನಾನು ಆಡ್ತೀನಿ” ಎಂಬ ಮಾತು. ಇದಕ್ಕೇ ವಿನಾಶಕಾಲೇ ಎನ್ನುವುದು. ದಾಂಡು ಹಿಡಿದು ನಿಂತೆ. ಮೊದಲನೆಯದು ನನಗೆ ಕಾಣಲೇ ಇಲ್ಲ, ಹಿಂದೆ ವಾಲ್ಟರ್ “ಅಯ್ಯೋ ದೇವಾ” ಎಂದದ್ದಷ್ಟೇ ಕೇಳಿತು. ಎರಡನೆಯದಕ್ಕೆ ಜೋರಾಗಿ ಬೀಸಿದೆ, ಚೆಂಡು ದಾಟಿಹೋದ ಮೇಲೆ. ಮೂರನೆಯದರ ಮೊದಲು ಆಕೆಯ ಹೆಗಲು ಒಂದಿಷ್ಟೇ ಕೆಳಗಿಳಿದದ್ದು ಕಣ್ಣಿಗೆ ಬಿತ್ತು. ಇದು ನಿಧಾನವಾಗಿ ಬಂದು ಕಾಲ ಬುಡಕ್ಕೆ ಬೀಳುತ್ತದೆ ಎಂದುಕೊಂಡೆ. ಹಾಗೇ ಬಂತು, ಹಾಗೇ ಬಿತ್ತು, ನಾನು ಹಾಗೇ ತಪ್ಪಿದೆ. ಆದರೆ ಎಂಥ ಎಸೆತ! ಅವಮಾನವಾಗಬೇಕಿತ್ತು. ಆಗಲಿಲ್ಲ. ಖುಷಿಯಾಯಿತು. ಒಳ್ಳೆಯ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿದರೆ ಹೊಟ್ಟೆಕಿಚ್ಚಿಗೂ ನಾಚಿಕೆಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆರು ವರ್ಷ ಅದೇ ದಿಬ್ಬದ ಮೇಲೆ ನಿಂತು ನಾನು ಮಾಡುತ್ತಿದ್ದುದು ಏನು ಎಂಬ ಪ್ರಶ್ನೆಯೂ ಹುಟ್ಟಿತು.

ಐರಿನ್ ಹತ್ತಿರ ಬಂದರು. “ಸರ್, ಬೇಜಾರು ಮಾಡ್ಬೇಡಿ. ನಿಮ್ಮ ಬಾಲ್ ಹೊಡೀಲಿಕ್ಕೆ ಬಹಳ ಸುಲಭ ಉಂಟು. ಆದ್ರೆ ಮೂರನೆಯದು ಎಂತ ಬರ್ತದೆ ಅಂತ ನಿಮಗೆ ಮೊದಲೇ ಗೊತ್ತಾಯ್ತಲ್ವಾ? ನಾನು ನೋಡಿದೆ. ಮೆಲ್ಬರ್ನ್‌ನಲ್ಲಿ ಯಾರಿಗೂ ಗೊತ್ತಾಗುದಿಲ್ಲ. ನಿಮ್ಮ ಕೈ ಆಗುದಿಲ್ಲ, ಕಣ್ಣು ಉಂಟು. ಅಂಥವರು ಹಿಂದೆ ಕೂತು ಹಿಡೀಬೇಕು. ನೀವು ಕ್ಯಾಚರ್ ಆಗಿ” ಎಂದರು. ಹತ್ತು ವರ್ಷದ ಆಫೀಸಿನ ಅಪ್ರೈಸಲ್‌ಗಳಲ್ಲಿ ಯಾರೂ ನನ್ನನ್ನು ಇಷ್ಟು ಸರಿಯಾಗಿ ಅಳೆದಿರಲಿಲ್ಲ. ಭಾಷಣದ ಕಾಗದವನ್ನು ಮಡಿಸಿ, ಬಜ್ಜಿಯ ಎಣ್ಣೆ ಒರೆಸಲು ವತ್ಸಲಾಳಿಗೆ ಕೊಟ್ಟೆ. “ಒಪ್ಪಿಗೆ” ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸೊಂಟ ಉಳಿದ ವಾಲ್ಟರ್.

ಶನಿವಾರದ ಆರು ಗಂಟೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಮೊದಲ ವಾರ ನಾಲ್ಕು ಜನ ಬಂದರು, ಐದನೆಯ ವಾರಕ್ಕೆ ಹದಿನಾಲ್ಕು. ಐರಿನ್ ರಾತ್ರಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬರುತ್ತಿದ್ದರು. ಒಂದು ದಿನವೂ ತಡವಾಗಲಿಲ್ಲ, ಯಾರನ್ನೂ ಬೈಯಲಿಲ್ಲ. ತಪ್ಪಿದವರ ಪಕ್ಕ ನಿಂತು ಅದೇ ಎಸೆತವನ್ನು ಮತ್ತೆ, ಮತ್ತೆ, ಮತ್ತೆ. ಜೂನ್‌ನಲ್ಲಿ ವಿಂಡಮ್ ವೇಲ್‌ಗೆ ಹೋದೆವು. ಹೊಸ ಮನೆಗಳ ನಡುವಿನ ಮೈದಾನ, ಚಳಿಗಾಳಿ ಎಂದರೆ ಕಿವಿ ಬಿದ್ದುಹೋಗುವಂಥದ್ದು. ಎಡ ಮೂಲೆಯಲ್ಲಿ ಆಗಲೇ ನಮ್ಮ ಟೀಮು ಸೇರಿದ್ದ ರೇಣುಕಾ, ಬಲ ಮೂಲೆಯಲ್ಲಿ ನನ್ನ ಹೆಂಡತಿ. ಕೊನೆಯ ದಾಂಡಿಗ, ಎರಡು ಸಲ ತಪ್ಪಿದ್ದಾನೆ, ನಾವು ಒಂದು ರನ್ ಮುಂದಿದ್ದೇವೆ. ಐರಿನ್ ಹೆಗಲು ಒಂದಿಷ್ಟೇ ಇಳಿಯಿತು. ನಾನು ಗ್ಲೋವನ್ನು ಕಾಲ ಬುಡಕ್ಕೆ ತಂದೆ. ದಾಂಡು ಗಾಳಿಯಲ್ಲಿ ಹೋಯಿತು, ಚೆಂಡು ನನ್ನ ಕೈಯಲ್ಲಿ ಉಳಿಯಿತು. ಏಳು ವರ್ಷದಲ್ಲಿ ಮೊದಲ ಸಲ ಗೆದ್ದೆವು! ಎಲ್ಲರೂ ಓಡಿಹೋಗಿ ಐರಿನ್‌ರನ್ನು ಎತ್ತಿ ಕುಣಿದರು. ನಾನೂ ಓಡುತ್ತಿದ್ದೆ, ಮಂಡಿ ಬಿಡಲಿಲ್ಲ. ಹಾಗೇ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿದುಕೊಂಡು ಅಳುತ್ತ ನಗುತ್ತಿದ್ದೆ. ಅಪೂರ್ವಾ ಬಂದು ಕಂಕುಳಿಗೆ ಕೈಹಾಕಿ ಎಬ್ಬಿಸಿ, “ಸೂಪರ್ ಆಗಿತ್ತು ಅಪ್ಪಾ” ಎಂದಳು. ಅಪ್ಪಾ ಎಂದಳು, ಕನ್ನಡದಲ್ಲಿ! ಆ ಮ್ಯಾಚಿನ ಸ್ಕೋರು ಮರೆತಿದ್ದೇನೆ. ಇದನ್ನು ಮರೆತಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮುಂದಿನ ವರ್ಷ ಪ್ರಾಕ್ಟೀಸ್ ಶುರುವಾದಾಗ ಐರಿನ್ ನನ್ನನ್ನು ಪಕ್ಕಕ್ಕೆ ಕರೆದರು. ಮುಖ ನೋಡಿಯೇ ನನಗೆ ಗೊತ್ತಾಯಿತು, ಕಣ್ಣು ಉಂಟಲ್ಲ. “ಸರ್, ನಿಮ್ಮ ಮೊಣಕಾಲು ಶಬ್ದ ಮಾಡ್ತದೆ. ಎಡಕ್ಕೆ ವಾಲಿದ್ರೆ ಒಂದು ಥರ, ಬಲಕ್ಕೆ ವಾಲಿದ್ರೆ ಇನ್ನೊಂದು ಥರ. ಬಾಲ್ ಯಾವ ಕಡೆ ಬರ್ತದೆ ಅಂತ ದಾಂಡು ಹಿಡಿದವರಿಗೆ ಮೊದಲೇ ಕೇಳಿಸ್ತದೆ,” ಎಂದರು. ನನ್ನ ಜಾಗಕ್ಕೆ ರೇಣುಕಾ ಬಂದಳು. ಆ ಹೊತ್ತಿಗೆ ಅವಳ ಪಿಆರೂ ಬಂದಿತ್ತು, ಫೀ ಕೊಟ್ಟು, ರಿಜಿಸ್ಟ್ರೇಷನ್ ನಂಬರ್ ಕೇಳಿ. ಅವಳು ಹಿಡಿಯುವುದನ್ನು ನೋಡಿದೆ. ನನಗಿಂತ ಚೆನ್ನಾಗಿ ಹಿಡಿಯುತ್ತಾಳೆ, ಮಂಡಿಯೂ ಸುಮ್ಮನಿರುತ್ತದೆ.

ಈಗ ನನಗೆ ಒಪ್ಪಂದವಿಲ್ಲ, ಜಾಗವಿಲ್ಲ, ಯಾರ ಹಂಗೂ ಇಲ್ಲ. ಮಗಳು ಹೇಳಿಕೊಟ್ಟ ಪದದ ಅರ್ಥ ಅಂದು ಪೂರ್ತಿಯಾಗಿ ತಿಳಿಯಿತು. ಮೆಲ್ಬರ್ನ್‌ನವರಿಗೆ ಆಟಗಾರರು ಕಡಿಮೆಯಂತೆ ಎಂದು ಕೇಳಿ, ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ: ‘ಶ್ರೀಕಂಠ. ಫ್ರೀ ಏಜೆಂಟ್. ಏಳು ವರ್ಷದ ಅನುಭವ. ಸಿಡ್ನಿ, ಮೆಲ್ಬರ್ನ್ ಎಲ್ಲಾದರೂ ಸರಿ.’ ಮೂರು ದಿನ ಯಾರೂ ತುಟಿಪಿಟಕ್ ಎನ್ನಲಿಲ್ಲ. ನಾಲ್ಕನೆಯ ದಿನ ಬಾಲ್ಕನಿಯ ಮೂರು ಕಾಲಿನ ಕುರ್ಚಿಗೆ ಇಟ್ಟಿಗೆ ಕೊಟ್ಟು ಕೂತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಪಕ್ಕದಲ್ಲಿ ವತ್ಸಲಾ ತನ್ನ ಗ್ಲೋವಿಗೆ ಎಣ್ಣೆ ಹಚ್ಚುತ್ತಿದ್ದಳು.

“ಅಂಕಲ್, ಫ್ರೀ ಏಜೆಂಟ್ ಅಂದ್ರೆ ನೀವೇನಾ?” ಎಂದಿತು ಒಂದು ಹುಡುಗನ ದನಿ.

“ನಾನೇ, ಹೇಳಿ,” ಎಂದು ನೆಟ್ಟಗೆ ಕೂತೆ. ವತ್ಸಲಾ ಕಡೆ ನೋಡಿ ಹುಬ್ಬು ಹಾರಿಸಿದೆ.

“ನನ್ನ ಸ್ಟೂಡೆಂಟ್ ವೀಸಾ ಮುಗೀತಾ ಬಂತು ಅಂಕಲ್. ಫೈಲ್ ತಗೊಂಡು ಯಾವಾಗ ಬರ್ಲಿ?”

ಹುಬ್ಬು ಕೆಳಗಿಳಿಯಿತು. ವತ್ಸಲಾಳಿಗೆ ದನಿ ಕೇಳಿಸಿರಬೇಕು, ಗ್ಲೋವಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

“ಭಾನುವಾರ ಹನ್ನೊಂದಕ್ಕೆ ಪಾರ್ಕಿಗೆ ಬಾರಪ್ಪ,” ಎಂದೆ. “ಪಾಸ್‌ಪೋರ್ಟ್ ಮನೇಲೇ ಇರ್ಲಿ. ತಲೆಗೊಂದು ಟೋಪಿ ಹಾಕ್ಕೊಂ ಬಾ. ಯಾರನ್ನ ನಂಬಬಾರದು ಅಂತ ಹೇಳಿಕೊಡೋಕೆ ಅಲ್ಲಿ ಒಬ್ರಿದ್ದಾರೆ.”

“ಆಯ್ತು ಅಂಕಲ್. ಮತ್ತೆ ನಿಮ್ಮ ಫೀಸು?”

“ಫ್ರೀ ಕಣಪ್ಪ,” ಎಂದೆ. ನನ್ನ ವಿಷಯದಲ್ಲಿ ಆ ಪದಕ್ಕೆ ಇರುವುದು ಒಂದೇ ಅರ್ಥ: ಪುಕ್ಕಟೆ.